ಮಳೆಕಾಡಿನ ಕಡತ

ನಮ್ಮ ಮಾವ ನಾಮ್‌ದಾಫಾಕ್ಕೆ ಹದಿನಾಲ್ಕು ಸಲ ಹೋಗಿ ಬಂದವರು. ಹದಿನಾಲ್ಕು ಸಲವೂ ಹಿರಿಯೂರು ಬಿಟ್ಟು ಕದಲಿರಲಿಲ್ಲ!

ನಾಮ್‌ದಾಫಾ ಎಲ್ಲಿದೆ? ಭಾರತದ ಭೂಪಟವನ್ನು ಗೋಡೆಗೆ ಹಾಕಿ ಬಲಗಡೆಯ ಮೇಲಿನ ತುದಿಗೆ ಒಂದು ಮೊಳೆ ಹೊಡೆಯಿರಿ. ಮೊಳೆ ಕೂತದ್ದು ಹೆಚ್ಚುಕಡಿಮೆ ಅಲ್ಲಿಯೇ. ಅರುಣಾಚಲ ಪ್ರದೇಶದ ಕೊನೆಯ ಮೂಲೆ, ಆಚೆಗೆ ಬರ್ಮಾ. ಮಳೆಕಾಡು, ರಾಷ್ಟ್ರೀಯ ಉದ್ಯಾನ. ಹುಲಿ ಇದೆ, ಚಿರತೆ ಇದೆ, ರಸ್ತೆ ಮಾತ್ರ ಇದೆ ಎಂದು ಹೇಳುವಷ್ಟು ಇಲ್ಲ. ಗುವಾಹಟಿಯಲ್ಲಿ ಇಳಿದರೆ ಮುಂದಿನ ರೈಲಿಗೆ ಎಷ್ಟು ಹೊತ್ತು ಕಾಯಬೇಕು, ತಿನ್ಸುಕಿಯಾದಲ್ಲಿ ಬಸ್ಸು ಯಾವ ಕಡೆ ಮುಖ ಮಾಡಿ ನಿಂತಿರುತ್ತದೆ, ಮಿಯಾವ್ ಎಂಬ ಪೇಟೆಯಿಂದ ಕಾಡಿನ ಬಂಗಲೆಗೆ ಜೀಪಿನಲ್ಲಿ ಎಷ್ಟು ತಿರುವು, ಎಲ್ಲವೂ ಮಾವನ ನಾಲಿಗೆಯ ತುದಿಯಲ್ಲಿತ್ತು. ಬೆಂಗಳೂರಿನ ಬಸ್ಸು ಹಿರಿಯೂರಿನಲ್ಲಿ ಎಲ್ಲಿ ನಿಲ್ಲುತ್ತದೆ ಎನ್ನುವುದನ್ನು ಮಾತ್ರ ಪಕ್ಕದ ಮನೆಯವರನ್ನು ಕೇಳಬೇಕಿತ್ತು.

ಮಾವ ಎಂದರೆ ನನ್ನ ಸೋದರತ್ತೆಯ ಗಂಡ. ಹಿರಿಯೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅವರ ಕೆಲಸದಲ್ಲಿ ಒಂದು ಭಾಗ ಮಳೆ ಅಳೆಯುವುದು. ಕಚೇರಿಯ ಅಂಗಳದಲ್ಲಿ ಮಳೆಮಾಪಕ ಇತ್ತು: ಮೇಲೆ ಲಾಳಿಕೆ, ಕೆಳಗೆ ನೀರು ಕೂಡುವ ಸೀಸೆ, ಪಕ್ಕದಲ್ಲಿ ಗೆರೆ ಕೊರೆದ ಅಳತೆಯ ಗಾಜು. ದಿನಾ ಬೆಳಿಗ್ಗೆ ಎಂಟೂವರೆಗೆ ಸೀಸೆ ತೆಗೆದು ನೋಡಿ ಪುಸ್ತಕದಲ್ಲಿ ಬರೆಯಬೇಕು. ಹಿರಿಯೂರಿನಲ್ಲಿ ಮಳೆ ಅಳೆಯುವ ಕೆಲಸ ಎಂದರೆ ಏನು? ವರ್ಷದ ಬಹುಪಾಲು ದಿನ ಒಣಗಿದ ಸೀಸೆಯನ್ನು ಗೌರವದಿಂದ ಎತ್ತಿ ನೋಡಿ, ಗೌರವದಿಂದ ಇಡುವುದು.

ನಾನು ಚಿತ್ರದುರ್ಗದ ಒಂದು ಪತ್ರಿಕೆಯಲ್ಲಿದ್ದೆ. ತಾಲ್ಲೂಕುವಾರು ಮಳೆ ವಿವರ ಕೂಡಿಸುವುದು ನನ್ನ ಪಾಲಿಗೆ ಬಂದಿತ್ತು. ಹೊಸದುರ್ಗ, ಹೊಳಲ್ಕೆರೆಯವರು ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿ ಇಟ್ಟುಬಿಡುತ್ತಿದ್ದರು. ಹಿರಿಯೂರು ಹಾಗಲ್ಲ.

“ಮಾವ, ಇವತ್ತು ಎಷ್ಟು?”

“ಸೊನ್ನೆ ಪಾಯಿಂಟ್ ಸೊನ್ನೆ.”

“ಸೊನ್ನೆ ಅಂದ್ರೆ ಸಾಲದಾ?”

“ಲೇ, ಬರೀ ಸೊನ್ನೆ ಅಂದ್ರೆ ನಾನು ಮಂಚದ ಮ್ಯಾಲೆ ಕುಂತು ಹೇಳಿದಂಗೆ. ಪಾಯಿಂಟ್ ಸೊನ್ನೆ ಅಂದ್ರೆ ಬಗ್ಗಿ ನೋಡೀನಿ ಅಂತ.”

ಇಂಥವರಿಗೆ ಮಳೆಕಾಡಿನ ಹುಚ್ಚು ಹತ್ತಿದ್ದು ಸಹಜ ಎಂದು ನೀವು ಅಂದುಕೊಂಡರೆ ಅದು ತಪ್ಪು. ಹುಚ್ಚು ಅವರದಲ್ಲ, ಅತ್ತೆಯದು. ಅತ್ತೆ ಹುಟ್ಟಿದ್ದು ಐಮಂಗಲದಲ್ಲಿ, ಕುರಿ ಸಾಕುವ ಮನೆಯಲ್ಲಿ. ಅಲ್ಲಿ ಹಟ್ಟಿಯ ಮುಂದೆ ನಿಂತು ಎರಡು ಮೈಲಿ ಆಚೆಯ ಕುರಿಗಳನ್ನು ಎಣಿಸಬಹುದು. ನಡುವೆ ಅಡ್ಡ ನಿಲ್ಲಲು ಒಂದು ಜಾಲಿ ಗಿಡಕ್ಕೂ ಮನಸ್ಸಿಲ್ಲ. ಹುಟ್ಟಿದಾಗಿನಿಂದ ಆಕಾಶವನ್ನೇ ನೋಡಿ ಬೇಸತ್ತಿದ್ದ ಅತ್ತೆ ಮದುವೆಯಾದ ಹೊಸತರಲ್ಲಿ ಕೇಳಿದ್ದರಂತೆ: “ಆಕಾಶನೇ ಕಾಣದಂಥ ಕಾಡು ಇರ್ತಾವಂತಲ್ಲ, ಒಂದ್ಸಲ ತೋರಿಸ್ತೀರೇನ್ರಿ?”

“ತೋರಿಸ್ತೀನಿ. ಸರಿಯಾಗಿ ವಿಚಾರಿಸ್ಕೊಂಡು ಹೋಗಾಣ” ಎಂದರು ಮಾವ.

ಆ ವಿಚಾರಣೆ ಇಪ್ಪತ್ತಾರು ವರ್ಷ ನಡೆಯಿತು.

ವಿಚಾರಣೆಗೆ ಒಂದು ಕಡತ ಇತ್ತು. ಕಚೇರಿಯ ಕಡತದ ಹಾಗೆಯೇ ರಟ್ಟು, ದಾರ, ಪುಟಸಂಖ್ಯೆ. ಮೇಲೆ ದುಂಡಗಿನ ಅಕ್ಷರದಲ್ಲಿ ‘ವಿಷಯ: ಮಳೆಕಾಡು ಪ್ರವಾಸ, ಪತ್ನೀಸಮೇತ’. ಎಡಗಡೆ ಗುಮಾಸ್ತರಾಗಿ ಮಾವ ಟಿಪ್ಪಣಿ ಮಂಡಿಸುತ್ತಿದ್ದರು. ಬಲಗಡೆ ಮೇಲಧಿಕಾರಿಯಾಗಿ ಮಾವನೇ ಆಕ್ಷೇಪಣೆ ಬರೆಯುತ್ತಿದ್ದರು. ‘ಆನೆಗಳ ಬಗ್ಗೆ ಸ್ಪಷ್ಟನೆ ಇಲ್ಲ. ಮರುಮಂಡಿಸಿ.’ ‘ರೈಲು ತಡವಾದಲ್ಲಿ ಬದಲಿ ವ್ಯವಸ್ಥೆ ಏನು?’ ಹೀಗೆ ಹದಿನಾಲ್ಕು ಸಲ ಪೂರ್ಣ ಪ್ರಸ್ತಾವ ಸಿದ್ಧವಾಗಿ, ಹೋಗಿ ಬರುವ ಪ್ರತಿ ದಿನದ ಊಟ ತಿಂಡಿಯ ಸಮೇತ ಬರೆದು, ಹದಿನಾಲ್ಕು ಸಲವೂ ಬಲಗಡೆಯವರು ವಾಪಸ್ಸು ಕಳಿಸಿದ್ದರು. ಬಲಗಡೆಯವರು ಬಹಳ ಕಟ್ಟುನಿಟ್ಟು.

ನಾನೊಮ್ಮೆ ಕೇಳಿಯೇಬಿಟ್ಟೆ. “ಮಾವ, ಅಷ್ಟು ದೂರ ಯಾಕೆ? ಆಗುಂಬೆಗೆ ಹೋಗಿ ಬರಬಹುದಲ್ಲ?”

ಮಾವ ನನ್ನನ್ನು ಮರುಕದಿಂದ ನೋಡಿದರು. “ಅದಕ್ಕೆ ಪ್ಲಾನ್ ಯಾಕಪ್ಪ ಬೇಕು? ಬಸ್ ಹತ್ತಿದ್ರೆ ಅವ್ರೇ ಇಳಿಸ್ತಾರೆ.”

ಅಡಿಗೆಮನೆಯಿಂದ ಅತ್ತೆಯ ದನಿ ಬಂತು. “ನಾನೂ ಅದನ್ನೇ ಹೇಳೋದು ಕಣಪ್ಪ. ಹತ್ತಿದ್ರೆ ಇಳಿಸ್ತಾರೆ. ಇವ್ರು ಹತ್ತಬೇಕಲ್ಲ!”

ಕಡತದ ಅತಿ ದಪ್ಪ ಭಾಗ ಜಿಗಣೆಗಳದು. ಮಳೆಕಾಡಿನಲ್ಲಿ ಜಿಗಣೆ ಹತ್ತುತ್ತವೆ ಎಂದು ಎಲ್ಲೋ ಓದಿದ ಮಾವ, ದಪ್ಪ ಖಾದಿ ಬಟ್ಟೆ ತೆಗೆದುಕೊಂಡು ಹೋಗಿ ದರ್ಜಿಗೆ ತೊಡೆಯವರೆಗೆ ಬರುವ ಕಾಲುಚೀಲ ಹೊಲಿಯಲು ಕೊಟ್ಟರು.

“ಸಾರ್, ಇದು ಚೀಲನೋ ಪ್ಯಾಂಟೋ? ಒಂದು ಹೇಳ್ರಿ, ಹೊಲಿತೀನಿ” ಎಂದ ದರ್ಜಿ.

“ಕಾಲಿಗೆ ಹಾಕೋ ಚೀಲ.”

“ಎರಡೂ ಕಾಲಿಗೆ ಒಂದೇನಾ?”

ಈ ಚೀಲಗಳನ್ನು ಪರೀಕ್ಷಿಸದೆ ಕಡತಕ್ಕೆ ಸೇರಿಸುವುದು ಹೇಗೆ? ಹೊಳಲ್ಕೆರೆ ಕಡೆಯ ಒಂದು ಕೆರೆಯಲ್ಲಿ ಜಿಗಣೆ ಇವೆ ಎಂದು ಯಾರೋ ಹೇಳಿದರು. ಮಾವ ಒಂದು ಭಾನುವಾರ ಅಲ್ಲಿಗೆ ಹೋಗಿ, ಚೀಲ ಹಾಕಿಕೊಂಡು, ಮೊಣಕಾಲುದ್ದ ನೀರಿನಲ್ಲಿ ಕೈಗಡಿಯಾರ ನೋಡುತ್ತ ನಿಂತರು. ಪಕ್ಕದಲ್ಲಿ ಎಮ್ಮೆ ತೊಳೆಯುತ್ತಿದ್ದವನು ಅರ್ಧ ಗಂಟೆ ಸಹಿಸಿಕೊಂಡ. ಆಮೇಲೆ ಕೇಳಿದ.

“ಸ್ವಾಮಿ, ಏನಾರ ಕಳ್ಕಂಡ್ರಾ?”

“ಇಲ್ಲಪ್ಪ. ಜಿಗಣೆ ಹತ್ತುತಾವೇನೋ ನೋಡ್ತಿದೀನಿ.”

ಆತ ಮಾವನ ಕಾಲಿನಿಂದ ತಲೆಯವರೆಗೆ ನೋಡಿದ. “ಇಂಥ ಎಮ್ಮೆ ಪಕ್ಕದಾಗೆ ನಿಂತಿರುವಾಗ ಅವು ನಿಮ್ಮನ್ಯಾಕೆ ಹತ್ತುತಾವೆ ಬಿಡ್ರಿ. ಅವಕ್ಕೂ ಬುದ್ಧಿ ಐತೆ.”

ಎಡಗಡೆಯ ಟಿಪ್ಪಣಿ: ‘ಪರೀಕ್ಷೆ ನಡೆಸಲಾಯಿತು. ಜಿಗಣೆಗಳ ಸಹಕಾರ ದೊರೆಯಲಿಲ್ಲ.’

ಇದಕ್ಕಿಂತ ದೊಡ್ಡ ಪ್ರಸಂಗ ಟ್ಯಾಂಕರಿನದು. ದಿನವಿಡೀ ಮಳೆಯಲ್ಲಿ ನಡೆದು ಅಭ್ಯಾಸವಿಲ್ಲದ ಹಿರಿಯೂರಿನ ಜನ ಮಳೆಕಾಡಿನಲ್ಲಿ ಏನು ಮಾಡಬೇಕು? ಮುಂಚೆಯೇ ಅಭ್ಯಾಸ ಮಾಡಬೇಕು. ಹಿರಿಯೂರಿನಲ್ಲಿ ಅಭ್ಯಾಸಕ್ಕೆ ಮಳೆ ಎಲ್ಲಿದೆ? ತರಿಸಬೇಕು! ಮಾವ ನೀರಿನ ಟ್ಯಾಂಕರ್ ಹೇಳಿದರು. ತಾವೂ ಅತ್ತೆಯೂ ರೈನ್‌ಕೋಟ್ ಹಾಕಿಕೊಂಡು ಮನೆ ಮುಂದೆ ನಿಂತರು. ಟ್ಯಾಂಕರಿನವನಿಗೆ ಪೈಪನ್ನು ಆಕಾಶಕ್ಕೆ ಹಿಡಿದು ಬಿಡುವಂತೆ ಸೂಚನೆ ಕೊಟ್ಟರು. ಇದಕ್ಕೆ ನಾನು ಪ್ರತ್ಯಕ್ಷ ಸಾಕ್ಷಿ.

ಅವರ ಬೀದಿಗೆ ನಲ್ಲಿ ನೀರು ಬಂದು ಐದು ದಿನವಾಗಿತ್ತು. ಟ್ಯಾಂಕರಿನ ಸದ್ದು ಕೇಳಿದ್ದೇ ಎರಡೂ ಕಡೆಯ ಮನೆಗಳಿಂದ ಕೊಡ, ಬಕೆಟ್ಟು, ಹಂಡೆ ಹೊರಬಿದ್ದವು. ಪೈಪಿನಿಂದ ನೀರು ಮೇಲೆ ಚಿಮ್ಮಿತು. ಮಾವ ಅತ್ತೆಗೆ “ಹೆಜ್ಜೆ ಸಣ್ಣದಿಡು, ಜಾರುತ್ತೆ” ಎಂದರು. ಅಷ್ಟರಲ್ಲಿ ಎದುರುಮನೆಯ ಅಜ್ಜಿಯೊಬ್ಬರು ಬಂದು ಟ್ಯಾಂಕರಿನವನ ಕೈಯಿಂದ ಪೈಪನ್ನೇ ಕಿತ್ತುಕೊಂಡರು.

“ಏನ್ ಕಾಲ ಬಂತಪ್ಪ! ಕುಡಿಯಾಕೆ ನೀರಿಲ್ಲ, ಗಂಡ ಹೆಂಡ್ತಿ ಬೀದ್ಯಾಗೆ ಆಟ ಆಡ್ತೀರಾ?”

“ಅಮ್ಮ, ಇದು ಆಟ ಅಲ್ಲ, ತರಬೇತಿ” ಎಂದರು ಮಾವ.

“ಎಂಥದಾರಾ ಆಗ್ಲಿ, ಮೊದಲು ನನ್ನ ಹಂಡೆ ತುಂಬ್ಲಿ.”

ರೈನ್‌ಕೋಟಿನಲ್ಲಿಯೇ ನಿಂತು ಮಾವ ಸಾಲು ಸರಿಪಡಿಸಿದರು, ಒಬ್ಬೊಬ್ಬರಿಗೆ ಎರಡೆರಡು ಕೊಡ. ಅತ್ತೆ ರೈನ್‌ಕೋಟಿನೊಳಗೇ ನಗುತ್ತಾ ತಮ್ಮ ಮನೆಯ ಬಿಂದಿಗೆಯನ್ನೂ ತಂದಿಟ್ಟರು. ಕಡತದಲ್ಲಿ ಆ ದಿನದ ಮಳೆಯ ಅವಧಿ ‘ಒಂದೂವರೆ ನಿಮಿಷ’ ಎಂದಿದೆ. ಕಾರಣದ ಕಾಲಂ ಖಾಲಿ.

ಅತ್ತ ನಾಮ್‌ದಾಫಾದಲ್ಲಿ ಮಾವ ಬಹಳ ಹೆಸರುವಾಸಿಯಾಗಿದ್ದರು. ಕಾಡಿನ ಬಂಗಲೆ ನೋಡಿಕೊಳ್ಳುವ ಮೇಟಿಗೆ ಪ್ರತಿ ವರ್ಷ ‘ಈ ನವೆಂಬರಿಗೆ ಬರುತ್ತೇವೆ’ ಎಂದು ಕಾಗದ ಹೋಗುತ್ತಿತ್ತು. ಹಿಂದಿ ಬರೆದುಕೊಡುತ್ತಿದ್ದವರು ಒಬ್ಬ ನಿವೃತ್ತ ಮೇಷ್ಟ್ರು. ಮೇಟಿಯಿಂದ ‘ಕೋಣೆ ಗುಡಿಸಿ ಇಟ್ಟಿದ್ದೇನೆ’ ಎಂದು ಉತ್ತರ ಬರುತ್ತಿತ್ತು. ಆಮೇಲೆ ‘ಮತ್ತೆ ಗುಡಿಸಿದ್ದೇನೆ’ ಎಂದು ಬಂತು. ಆ ಮೇಟಿ ನಿವೃತ್ತನಾದ; ಹೊಸಬ ಬಂದ. ಹೊಸಬನ ಮೊದಲ ಕಾಗದವನ್ನು ಮಾವ ನನಗೆ ತೋರಿಸಿದರು. ‘ಹಳಬರು ಅಧಿಕಾರ ವಹಿಸಿಕೊಡುವಾಗ ಬೀಗದ ಕೈ, ಎರಡು ಲಾಟೀನು, ಆರು ಕಂಬಳಿ, ಹಿರಿಯೂರಿನಿಂದ ಬರಲಿರುವ ಗಂಡ ಹೆಂಡತಿ ಎಂದು ಪಟ್ಟಿ ಕೊಟ್ಟಿದ್ದಾರೆ. ಎಲ್ಲ ತಾಳೆ ನೋಡಿದೆ. ನೀವಿಬ್ಬರು ಮಾತ್ರ ಸಿಗಲಿಲ್ಲ.’

ಇಷ್ಟಾದರೂ ಹೊರಡದಿರಲು ನಿಜವಾದ ಅಡ್ಡಿ ಯಾವುದು? ಎಂಟೂವರೆ. ಮಾವ ನಿವೃತ್ತರಾದ ಮೇಲೆ ಕಚೇರಿಯ ಮಳೆಮಾಪಕ ಬೇರೆಯವರ ಕೈಗೆ ಹೋಯಿತು. ಮಾವ ಸ್ವಂತದ್ದೊಂದು ಮಾಪಕ ತರಿಸಿ ಹಿತ್ತಲಲ್ಲಿ ನೆಡಿಸಿದರು, ಸ್ವಂತ ಪುಸ್ತಕ ತೆರೆದರು. ದಿನ ತಪ್ಪುವಂತಿಲ್ಲ. ಹದಿನಾರು ದಿನದ ಪ್ರವಾಸಕ್ಕೆ ಹೋದರೆ ಎಂಟೂವರೆಗೆ ನೋಡುವವರು ಯಾರು? ಪಕ್ಕದ ಮನೆಯ ಹೆಡ್‌ಮೇಷ್ಟ್ರನ್ನು ಒಂದು ವಾರ ಪರೀಕ್ಷಿಸಿ ಕೈಬಿಟ್ಟರು. “ಅವ್ರು ಒಂದೂ ಮುಕ್ಕಾಲನ್ನ ಎರಡು ಅಂತಾರೆ. ಪಾಸ್ ಮಾಡಿ ಪಾಸ್ ಮಾಡಿ ಅಭ್ಯಾಸ ಆಗೈತೆ.”

ನಾನೂ ಹೀಗೆ ನಗುತ್ತಲೇ ಇರುತ್ತಿದ್ದೆನೋ ಏನೋ. ಆದರೆ ವಿಚಾರಣೆಯ ಇಪ್ಪತ್ತಾರನೆಯ ವರ್ಷ ಅತ್ತೆ ಸಂಜೆ ಹೊತ್ತು ಹೊಸ್ತಿಲು ಎಡವತೊಡಗಿದರು. ಲೋಟದ ಪಕ್ಕಕ್ಕೆ ಕಾಫಿ ಸುರಿದರು. ಪಕ್ಕದಲ್ಲಿ ಬಂದು ನಿಂತವರನ್ನು, ಅವರು ಮಾತಾಡುವವರೆಗೆ, ನೋಡುತ್ತಿರಲಿಲ್ಲ. ನಾನೇ ಚಿತ್ರದುರ್ಗದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮಾವನೂ ಬಂದಿದ್ದರು. ಡಾಕ್ಟರು ವಿಷಯವನ್ನು ಸುತ್ತಿ ಬಳಸದೆ ಹೇಳಿದರು: ಇದು ವಂಶದಲ್ಲಿ ಬರುವ ಕಾಯಿಲೆ, ಮೊದಲು ಮಬ್ಬು ಬೆಳಕಿನಲ್ಲಿ ಕಾಣುವುದು ಕಡಿಮೆಯಾಗುತ್ತದೆ, ಅಕ್ಕಪಕ್ಕ ಮುಚ್ಚಿಕೊಳ್ಳುತ್ತ ಬರುತ್ತದೆ, ನಿಲ್ಲಿಸುವ ಔಷಧ ಇಲ್ಲ. ನೋಡಬೇಕು ಅಂತಿರುವುದನ್ನೆಲ್ಲ ಈಗಲೇ ನೋಡಿಬಿಡಿ.

“ಎಷ್ಟು ದಿನ?” ಎಂದರು ಮಾವ.

“ಅದನ್ನ ಅಳೆದು ಹೇಳಕ್ಕಾಗಲ್ಲ ಯಜಮಾನ್ರೆ.”

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತಿದ್ದರು. ಐಮಂಗಲ ಬಂದಾಗ ನನ್ನ ಕಡೆ ತಿರುಗಿ, “ಆಕಾಶ ನೋಡಿದ್ದು ಸಾಕಪ್ಪ. ಆ ಕಾಡೊಂದು ನೋಡಿಬಿಟ್ರೆ ಆಮ್ಯಾಲೆ ಏನಾರ ಆಗ್ಲಿ” ಎಂದರು. ಮಾವ ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದರು.

ಮನೆಗೆ ಬಂದವರೇ ಕಡತ ತೆಗೆದರು. ಎಡಗಡೆ ‘ತುರ್ತು’ ಎಂದು ಬರೆದರು. ಬಲಗಡೆ ‘ಮಂಜೂರು’ ಎಂದು ಬರೆದರು. ಇಪ್ಪತ್ತಾರು ವರ್ಷದ ಕಡತ ಇತ್ಯರ್ಥವಾಗಲು ಎರಡು ಪದ ಸಾಕಾಯಿತು.

ಎಂಟೂವರೆಯ ಪ್ರಶ್ನೆ ಉಳಿದಿತ್ತು. ಮಾವ ನನ್ನನ್ನು ಹಿತ್ತಲಿಗೆ ಕರೆದರು.

“ನೀನು ಪೇಪರಿನವನು. ಅರ್ಧ ಮಿಲಿಮೀಟರು ಬಿದ್ರೆ ‘ವರುಣನ ಆರ್ಭಟ’ ಅಂತ ಬರಿತೀಯ.”

“ಬರಿಯಲ್ಲ ಮಾವ.”

“ಆಣೆ ಮಾಡು.”

“ಸಂಪಾದಕರ ಆಣೆ.”

“ಅದು ಬ್ಯಾಡ. ನಿಮ್ಮಜ್ಜಿ ಆಣೆ ಮಾಡು.”

ಮಾಡಿದೆ. ಹದಿನಾರು ದಿನ ರಜೆ ಹಾಕಿ ಹಿರಿಯೂರಿಗೆ ಬಂದು ಕೂತೆ. ಅಷ್ಟರಲ್ಲಿ ಅರುಣಾಚಲಕ್ಕೆ ಹೋಗಲು ಬೇಕಾದ ಪರ್ಮಿಟ್ ಬಂದಿತ್ತು, ರೈಲಿನ ಟಿಕೆಟ್ ಆಗಿತ್ತು. ಮೇಟಿಗೆ ಕಾಗದ ಹೋಗಿತ್ತು. ಈ ಸಲ ಅವನು ಕೋಣೆ ಗುಡಿಸಿದನೋ ಇಲ್ಲವೋ, ಇವರು ಬರುತ್ತಾರೆಂದು ನಂಬಿರಲಾರ.

ಹೊರಡುವ ದಿನ ಬೆಂಗಳೂರಿನ ಬಸ್ಸು ಎಂಟಕ್ಕಿತ್ತು. ಏಳೂವರೆಗೆ ಆಟೋ ಬಂದು ನಿಂತಿತು. ಅತ್ತೆ ಎರಡು ಚೀಲ, ರೊಟ್ಟಿಯ ಗಂಟು, ಶೇಂಗಾ ಚಟ್ನಿಪುಡಿಯ ಡಬ್ಬಿ ಇಟ್ಟುಕೊಂಡು ಆಗಲೇ ಆಟೋದಲ್ಲಿ ಕೂತಿದ್ದರು. ಮಾವ ಕಾಣಲಿಲ್ಲ. ಹಿತ್ತಲಿಗೆ ಹೋದೆ. ಮಾಪಕದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಎರಡು ತಿಂಗಳಿಂದ ಒಣಗಿದ್ದ ಸೀಸೆಯಲ್ಲಿ ನೀರಿತ್ತು! ಬೆಳಗಿನ ಜಾವ ಜಿನುಗಿದ್ದ ಸೋನೆ.

“ಸರಿ, ಈಗಲೇ ಅಳೆದು ಹೊರಡ್ರಿ ಮಾವ. ಬಸ್ ಹೋಗುತ್ತೆ.”

“ಎಂಟೂವರೆಗೆ ಅಳೆದ್ರೆ ಅದು ಮಳೆ ಕಣಪ್ಪ. ಏಳೂವರೆಗೆ ಅಳೆದ್ರೆ ಬರೀ ನೀರು.”

“ನಾನಿದ್ದೀನಲ್ಲ!”

“ನೀನಿದ್ದೀಯ. ಆದ್ರೆ ಎರಡು ತಿಂಗಳ ಮ್ಯಾಲೆ ಬಂದೈತಲ್ಲೋ…”

ಅಷ್ಟರಲ್ಲಿ ಬೀದಿಯಿಂದ ಅತ್ತೆ ಕೂಗಿದರು. “ರೀ, ನೀವು ಅಳ್ಕಂಡು ನಿಧಾನಕ್ಕೆ ಬರ್ರಿ. ನಾನು ಹೋಗಿರ್ತೀನಿ. ಏಯ್ ಆಟೋದವ್ನೇ, ಬಿಡಪ್ಪ!”

ಆಟೋ ಹೊರಟೇಬಿಟ್ಟಿತು. ಮಾವ ಅಳತೆಯ ಗಾಜನ್ನು ನನ್ನ ಕೈಗೆ ತುರುಕಿ, “ಎಂಟೂವರೆ! ಒಂದು ನಿಮಿಷ ಮುಂಚೆ ಅಲ್ಲ!” ಎನ್ನುತ್ತ ಓಡಿದರು. ಮಾವ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಪಂಚೆ ಎತ್ತಿ ಕಟ್ಟುವಷ್ಟೂ ವ್ಯವಧಾನವಿಲ್ಲದೆ, ಎಡಗೈಯಲ್ಲಿ ಕಡತ ಹಿಡಿದುಕೊಂಡು ಓಡುತ್ತಿದ್ದರು. ಎದುರುಮನೆಯ ಅಜ್ಜಿ ಗೇಟಿನಲ್ಲಿ ನಿಂತು, “ಇದೂ ತರಬೇತಿನಾ?” ಎಂದು ಕೇಳಿದರು. ಬೀದಿಯ ತಿರುವಿನಲ್ಲಿ ಆಟೋ ನಿಂತಿತು. ಮಾವ ಹತ್ತಿದರು.

ಎಂಟೂವರೆಗೆ ಅಳೆದೆ. ಎರಡು ಪಾಯಿಂಟ್ ನಾಕು. ಆಮೇಲೆ ದಿನಾ ಬಗ್ಗಿ ನೋಡಿದೆ, ಬರೆದೆ. ಗುವಾಹಟಿ ತಲುಪಿದಾಗ ಒಂದು ಫೋನು ಬಂತು, ಮಿಯಾವ್‌ನಿಂದ ಒಂದು ಬಂತು. ಎರಡು ಸಲವೂ ಮೊದಲ ಪ್ರಶ್ನೆ “ಎಷ್ಟು?” ಎಂದೇ. ಆಮೇಲೆ ಐದು ದಿನ ಸುದ್ದಿಯಿಲ್ಲ. ಕಾಡಿನ ಬಂಗಲೆಯಲ್ಲಿ ಫೋನಿರಲಿಲ್ಲ.

ಆರನೆಯ ದಿನ ಮಧ್ಯಾಹ್ನ ಮತ್ತೆ ಮಿಯಾವ್‌ನ ಬೂತಿನಿಂದ ಮಾವನ ಫೋನು. ನಾನು ಪುಸ್ತಕ ತೆರೆದು ಬೆರಳಿಟ್ಟುಕೊಂಡಿದ್ದೆ. ಮಾವ ಮಳೆಯನ್ನು ಕೇಳಲಿಲ್ಲ.

“ತಪ್ಪಾತು ಕಣಪ್ಪ” ಎಂದರು. “ಎಲ್ಲ ಬರ್ಕಂಡಿದ್ದೆ. ಬೆಳಕು ಬರ್ಕಂಡಿರಲಿಲ್ಲ.”

“ಏನಾಯ್ತು ಮಾವ?”

“ಆಕಾಶ ಕಾಣದಂಥ ಕಾಡು ಅಂದ್ರೆ ಬಿಸಿಲೂ ಬರಲ್ಲ ಅಲ್ವಾ? ಇಷ್ಟು ವರ್ಷದಾಗೆ ಅದು ಹೊಳಿಲೇ ಇಲ್ಲ. ಹಾಡಹಗಲೇ ಒಳಗೆ ಮುಚ್ಚಂಜೆ ಆದಂಗಿರ್ತೈತೆ. ನಿಮ್ಮತ್ತೆ ಕಣ್ಣಿಗೆ ಆ ಬೆಳಕು ಸಾಲದು. ಕೈ ಹಿಡ್ಕಂಡು ಒಳಗೆ ಕರ್ಕಂಡು ಹೋದೆ. ‘ಎಲ್ಲಾ ಕಪ್ಪೇ ಕಾಣ್ತೈತಲ್ರಿ’ ಅಂದ್ಲು.”

ನಾನು ಬೆರಳು ತೆಗೆದು ಪುಸ್ತಕ ಮುಚ್ಚಿದೆ. ಬೂತಿನಲ್ಲಿ ಯಾರೋ ಹಿಂದಿಯಲ್ಲಿ ಮಾತಾಡುತ್ತಿದ್ದದ್ದು ಕೇಳುತ್ತಿತ್ತು. ಆಮೇಲೆ ಫೋನು ಅತ್ತೆಯ ಕೈಗೆ ಹೋಯಿತು. ಅತ್ತೆ ನಗುತ್ತಿದ್ದರು.

“ಅವ್ರ ಮಾತು ಬಿಡು. ನಾಕು ದಿನದಿಂದ ನಿಮ್ಮ ಮಾವ ಬಾಯಿ ಮುಚ್ಚಿಲ್ಲ ಕಣಪ್ಪ! ಒಂದೊಂದು ಮರದ ಮುಂದೆ ನಿಂದ್ರಿಸಿ, ತೊಗಟೆ ಮ್ಯಾಲೆ ನನ್ನ ಕೈ ಇಟ್ಟು, ಹೆಂಗೈತೆ ಅಂತ ಹೇಳ್ತಾರೆ. ಎಷ್ಟೈತೆ ಅಂತಲ್ಲ, ಹೆಂಗೈತೆ ಅಂತ! ಇಷ್ಟು ವರ್ಷದಾಗೆ ಈ ಮನುಷ್ಯ ಒಂದಿನ ಹಂಗೆ ಮಾತಾಡಿದ್ದು ನಾನು ಕೇಳಿರಲಿಲ್ಲ.”

“ಏನಂತಾರೆ ಅತ್ತೆ?”

“ಒಂದು ಮರದ ಹಸಿರು ಎಳೇ ನುಗ್ಗೆ ಸೊಪ್ಪಿನಂಗಂತೆ. ಅದರ ಹಿಂದಿಂದು, ಹೂ ಬಿಡೋಕೆ ಮುಂಚೆ ಹುರುಳಿ ಹೊಲ ಇರ್ತೈತಲ್ಲ, ಹಂಗಂತೆ. ನಡುವೆ ಒಂದು ಬಳ್ಳಿ ಮ್ಯಾಲಕ್ಕೆ ಹೋಗೈತಂತೆ. ಅದು ಯಾವ ಹಸಿರು ಅಂತ ಬಹಳ ಹೊತ್ತು ನಿಂತು ನೋಡಿದ್ರು. ಆಮ್ಯಾಲೆ ಹೇಳಿದ್ರು, ಇವ್ರು ನನ್ನ ನೋಡಾಕೆ ಬಂದ ದಿನ ನಾನು ಉಟ್ಟಿದ್ದೆನಲ್ಲ ಆ ಸೀರೆ, ಅದರ ಅಂಚಿನ ಹಸಿರಂತೆ.”

ಅತ್ತೆ ಪಕ್ಕದಲ್ಲಿದ್ದ ಮಾವನಿಗೆ ಕೇಳದಂತೆ ದನಿ ತಗ್ಗಿಸಿದರು.

“ನಂಗೇ ನೆನಪಿರಲಿಲ್ಲ ಕಣಪ್ಪ, ಆ ಸೀರೆಗೆ ಅಂಚಿತ್ತು ಅಂತ.”